ಬಿಸ್ಕತ್ತಿನ ದುಡ್ಡು

ಎಲ್ಲ ಶುರುವಾದದ್ದು ಇನ್ನೂರು ರೂಪಾಯಿಯಿಂದ.

ಅವತ್ತು ಬೆಳಗಿನ ತಿಂಡಿ ಮುಗಿಸಿ ಮರುಳಸಿದ್ದಯ್ಯನವರು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಅವರ ಹೆಂಡತಿ ಗಿರಿಜಾಂಬಿಕಾ, ಬೀದಿಯವರ ಬಾಯಲ್ಲಿ ಗಿರಿಜಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಇನ್ನೂರು ರೂಪಾಯಿ ಬೇಕಾಗಿತ್ತು" ಅಂದಳು.

"ಯಾತಕ್ಕೆ?" ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಬೇಕಾಗಿತ್ತು."

"ಬೇಕಾಗಿತ್ತು ಅಂತ ಗೊತ್ತಾಯ್ತು ಕಣೇ. ಯಾತಕ್ಕೆ ಅಂತ ಕೇಳ್ದೆ."

ಮರುಳಸಿದ್ದಯ್ಯನವರು ಕೈಬಿಗಿಯ ಮನುಷ್ಯರೇನಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ದಲ್ಲಾಳಿಯಾಗಿದ್ದು, ಮಂಡಿ ನೋವಿನಿಂದಲೇ ಮಂಡಿ ಬಿಟ್ಟವರು. ಹೆಂಡತಿ ಕೇಳಿದಾಗ ಇಲ್ಲ ಅಂದವರಲ್ಲ. ಯಾತಕ್ಕೆ ಅಂತ ತಿಳಿದುಕೊಂಡು ಕೊಡುತ್ತಿದ್ದರು, ಅಷ್ಟೆ. ನಲವತ್ತು ವರ್ಷದಿಂದ ಗಿರಿಜಮ್ಮ ಆ ಪ್ರಶ್ನೆಗೆ ಉತ್ತರ ಹೇಳುತ್ತಲೇ ಬಂದಿದ್ದಳು: ರವಿಕೆ ಹೊಲಿಗೆಗೆ, ಮಾತ್ರೆಗೆ, ನಾಮಕರಣದ ಮುಯ್ಯಿಗೆ. ಸರ್ಕಾರದ ಎರಡು ಸಾವಿರ ತಿಂಗಳಿಗೊಂದು ಸಲ ಅವಳ ಹೆಸರಿನ ಖಾತೆಗೇ ಬೀಳುತ್ತಿತ್ತು ನಿಜ. ಅದರ ಕಾರ್ಡು ಮಾತ್ರ ಮಗ ದಯಾನಂದನ ಜೇಬಿನಲ್ಲಿರುತ್ತಿತ್ತು, ದುಡ್ಡು ಗ್ಯಾಸಿಗೆ ದಿನಸಿಗೆ ಹೋಗುತ್ತಿತ್ತು.

ಅವತ್ತು ಏನಾಯಿತೋ, ಬಾಯಿಗೆ ಬಂದಿದ್ದ ಉತ್ತರವನ್ನು ನುಂಗಿಕೊಂಡು, "ಬುಡಿ, ಬ್ಯಾಡ" ಎಂದು ಒಳಗೆ ಹೋದಳು. ಹೋದವಳಿಗೆ ಕೂರಲಾಗಲಿಲ್ಲ. ಗುಡಿಸಿದ್ದ ನಡುಮನೆಯನ್ನು ಮತ್ತೆ ಗುಡಿಸಿದಳು. ಒಣಗದ ಬಟ್ಟೆಯನ್ನು ತೆಗೆದು, ಮತ್ತೆ ಹರವಿದಳು. ಕೊನೆಗೆ ಹಿತ್ತಿಲ ಬಾಗಿಲು ತೆಗೆದುಕೊಂಡು ಹಿಂದಿನ ಓಣಿಯ ಕಮರ್ ಜಹಾನ್ ಮನೆಗೆ ಹೋದಳು.

ಕಮರ್ ಜಹಾನ್ ಟೈಲರ್ ಮಜೀದನ ಹೆಂಡತಿ. ಬೀದಿಯ ಸೀರೆಗಳಿಗೆಲ್ಲ ಫಾಲ್ಸ್ ಹಾಕುವವಳು. ಇಬ್ಬರದೂ ಇಪ್ಪತ್ತು ವರ್ಷದ ಸ್ನೇಹ, ಹಿತ್ತಿಲ ಬಾಗಿಲಿನದು. ಅವಳ ನಡುಮನೆಯ ಮೂಲೆಯಲ್ಲಿ ಬಿಸ್ಕತ್ತು ಬೇಯಿಸುವ ಓವನ್ ಒಂದು ಬೆಡ್‌ಶೀಟ್ ಹೊದ್ದು ಕೂತಿತ್ತು. ಸೊಸೆ ಅಮ್ನಾ ಒಂದು ವರ್ಷ ಕೇಕು, ಬಿಸ್ಕತ್ತು ಮಾಡಿ ಮಾರಿ, ಅವಳಿ ಮಕ್ಕಳಾದ ಮೇಲೆ ಕೈ ಬಿಟ್ಟಿದ್ದಳು.

"ಜಾಗ ತಿಂತಾ ಬಿದ್ದೈತೆ ಗಿರಿಜಕ್ಕ. ಯಾರಾದ್ರೂ ಕೇಳಿದ್ರೆ ಕೊಟ್ಬಿಡ್ತೀನಿ" ಅಂದಳು ಕಮರ್ ಜಹಾನ್, ಸೂಜಿಗೆ ದಾರ ಪೋಣಿಸುತ್ತಾ.

"ನಂಗೇ ಕೊಡು" ಎಂದಳು ಗಿರಿಜಮ್ಮ.

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಗೌರಿಹಬ್ಬಕ್ಕೆ ಅಣ್ಣ ಕೈಯಲ್ಲಿಟ್ಟಿದ್ದ ದುಡ್ಡು ಅಕ್ಕಿ ಡಬ್ಬದ ತಳದಲ್ಲಿತ್ತು. ಅದನ್ನು ತಂದು ಕೊಟ್ಟಳು. ಇಬ್ಬರೂ ಸೇರಿ ಓವನ್ನನ್ನು ಬೆಡ್‌ಶೀಟ್ ಸಮೇತ ಎತ್ತಿಕೊಂಡು ಓಣಿ ದಾಟಿಸಿದರು.

ಮರುಳಸಿದ್ದಯ್ಯನವರು ಮಧ್ಯಾಹ್ನ ಊಟಕ್ಕೆಂದು ಒಳಗೆ ಬಂದಾಗ ಅದು ಅಡುಗೆಮನೆ ಕಟ್ಟೆಯ ಮೇಲೆ ಕೂತಿತ್ತು.

"ಏನೇ ಇದು ಟಿ.ವಿ. ಥರ?"

"ಬಿಸ್ಕತ್ ಬೇಯ್ಸೋ ಒಲೆ. ಮಾಡಿ ಮಾರಾನ ಅಂತ."

"ಮಾರೋದಾ? ನಿಂಗೇನ್ ಉಣ್ಣಾಕೆ ಇಕ್ತಿಲ್ವಾ ನಾವು? ಎಲ್ಲಿಂದ ತಂದೆ?"

"ಕಮರ್ ಮನೇದು."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಲೇ, ಅದರೊಳಗೆ ಅವ್ರು ಏನೇನ್ ಬೇಯ್ಸವ್ರೋ! ಮೊಟ್ಟೆನೋ, ಇನ್ನೊಂದೋ! ನಮ್ಮ ಒಲೆ ಪಕ್ಕದಾಗೆ ತಂದು ಮಡಗಿದ್ದೀಯಲ್ಲ!"

ಗಿರಿಜಮ್ಮ ಎರಡು ದಿನ ಹುಣಸೆಹುಳಿ, ಸೋಪು, ಬಿಸಿನೀರು ಹಾಕಿ ಉಜ್ಜಿದಳು. ಆಮೇಲೆ ಅದರ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಮರುಳಸಿದ್ದಯ್ಯನವರು ಅದನ್ನು ನೋಡಿ ಪೇಪರ್ ಹಿಡಿದು ಜಗಲಿಗೆ ಹೋದರು. ಸಂಜೆ ಬಂದ ಕಮರ್ ಜಹಾನ್ ಮಾತ್ರ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾ ಅಲ್ಲಾ! ನಮ್ ಓವನ್‌ಗೆ ದೀಕ್ಷೆ ಕೊಡಿಸ್ಬಿಟ್ಟಿದ್ದೀರಲ್ಲ ಗಿರಿಜಕ್ಕ!"

ಅಮ್ನಾ ಮಕ್ಕಳನ್ನು ಮಲಗಿಸಿ ಬಂದು ಕಲಿಸಿಕೊಟ್ಟಳು. ಬೆಣ್ಣೆಗೆ ಸಕ್ಕರೆಪುಡಿ ಹಾಕಿ ಬೆಳ್ಳಗಾಗುವ ತನಕ ತಿರುವಬೇಕು. ಆಮೇಲೆ ಮೈದಾ, ಕೊಬ್ಬರಿ ತುರಿ. ಅಂಚು ಕೆಂಪಗಾದ ತಕ್ಷಣ ಆಚೆ ತೆಗೆಯಬೇಕು. ಪೂರ್ತಿ ಆರುವ ತನಕ ಡಬ್ಬಿಗೆ ತುಂಬಬಾರದು. ಮೊದಲ ತಟ್ಟೆ ತಳ ಹತ್ತಿತು. ಎರಡನೆಯದು ಅರ್ಧ ಬೆಂದಾಗ ಕರೆಂಟು ಹೋಯಿತು. ಮೂರನೆಯದನ್ನು ಸೊಸೆ ಇಂಪನಾ ಡಬ್ಬಿಯಲ್ಲಿ ಹಾಕಿಕೊಂಡು ಹೋದಳು. ಇಂಪನಾ ಕೆ.ಬಿ. ಕ್ರಾಸಿನ ಖಾಸಗಿ ಶಾಲೆಯಲ್ಲಿ ಟೀಚರು. ಸಂಜೆ ಬಂದವಳೇ, "ಅತ್ತೆ, ಸ್ಟಾಫ್ ರೂಮಲ್ಲಿ ಜಗಳ ಆಡ್ಕೊಂಡ್ ತಿಂದ್ರು. ಶುಕ್ರವಾರಕ್ಕೆ ಆರು ಜನ ಅರ್ಧರ್ಧ ಕೆಜಿ ಹೇಳವ್ರೆ" ಎಂದಳು.

ಗಿರಿಜಮ್ಮ ಅವತ್ತು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಎರಡು ಸಲ ಹಾಕಿಬಿಟ್ಟಳು.

ಆರು ವಾರದಲ್ಲಿ ಕೊಬ್ಬರಿ ಬಿಸ್ಕತ್ತಿನ ಜೊತೆಗೆ ರಾಗಿ ಬಿಸ್ಕತ್ತು, ನಾನ್‌ಖಟಾಯಿ ಸೇರಿದವು. ಬಸ್ ಸ್ಟ್ಯಾಂಡಿನ ಹತ್ತಿರದ ಕಾಂಡಿಮೆಂಟ್ಸ್‌ನವನು ವಾರಕ್ಕೆ ಇಪ್ಪತ್ತು ಡಬ್ಬಿ ಕೇಳಿದ. ಮೊಟ್ಟೆಯಿಲ್ಲದ್ದು ಅಂತ ಮಠದ ಕಡೆಯವರೂ ಕೊಳ್ಳತೊಡಗಿದರು. ಮಧ್ಯಾಹ್ನ ಹನ್ನೆರಡರಿಂದ ಐದರ ತನಕ ಅಡುಗೆಮನೆ ಬೇಕರಿಯಾಯಿತು. ಆ ಹೊತ್ತಿನಲ್ಲಿ ಯಾರಾದರೂ ಕಾಫಿ ಕೇಳಿದರೆ ಗಿರಿಜಮ್ಮ ತಿರುಗಿಯೂ ನೋಡುತ್ತಿರಲಿಲ್ಲ. ಮರುಳಸಿದ್ದಯ್ಯನವರು ಕೋಲೂರಿಕೊಂಡು ಹೋಗಿ ಮೀಟರ್ ಬೋರ್ಡಿನ ಕೆಳಗೆ ನಿಲ್ಲುತ್ತಿದ್ದರು.

"ಕೆಂಪು ದೀಪ ಪಟಪಟ ಅಂತ ಹೊಡ್ಕೋತಾ ಐತೆ ನೋಡು! ಪುಕ್ಸಟ್ಟೆ ಕರೆಂಟು ಕಳ್ಕೊಂಡು ಬಿಲ್ ಕಟ್ಟೋ ಹಂಗಾಯ್ತು!"

"ಬಿಲ್ ನಾನೇ ಕಟ್ತೀನಿ ಬುಡಿ."

ಆ ಮಾತು ಆಡಿದ ಮೇಲೆ ಮನೆಯಲ್ಲಿ ಪ್ರಶ್ನೆಗಳು ಎದ್ದವು. ಕರೆಂಟ್ ಬಿಲ್ ಕಟ್ಟುವಷ್ಟು ಬರುತ್ತಿದೆ ಅಂದರೆ ಉಳಿದದ್ದು ಏನಾಗುತ್ತಿದೆ? ಮೊದಲು ಕೇಳಿದವರು ಗಂಡ.

"ಅಲ್ಲ ಕಣೇ, ಇಷ್ಟೆಲ್ಲ ಒದ್ದಾಡಿ ಆ ದುಡ್ಡು ಯಾತಕ್ಕೆ ನಿಂಗೆ?"

ಗಿರಿಜಮ್ಮನ ಕೈಯಲ್ಲಿ ಬಿಸಿ ತಟ್ಟೆಯಿತ್ತು. ಮಾತು ಮುಗಿಸಿ ಅದನ್ನು ಇಳಿಸಬೇಕಾಗಿತ್ತು. "ಮಠದಾಗೆ ಒಂದಿನದ ದಾಸೋಹ ಮಾಡ್ಸಾನ ಅಂತ" ಅಂದುಬಿಟ್ಟಳು. ಮರುಳಸಿದ್ದಯ್ಯನವರ ಮುಖ ಅರಳಿತು. ಸಂಜೆಯೊಳಗೆ ಜಗಲಿಗೆ ಬಂದವರಿಗೆಲ್ಲ ಹೇಳಿದರು.

ಮಗ ದಯಾನಂದ್ ಮಂಡಿಯಲ್ಲಿ ಒಬ್ಬ ಸಾಹುಕಾರರ ಹತ್ತಿರ ಗುಮಾಸ್ತ. ಅವನ ಸ್ಕೂಟರಿನ ಮೇಲೆ ಬಹಳ ದಿನದಿಂದ ಅವನಿಗೇ ಬೇಸರ. "ಅಮ್ಮ, ಬಿಸ್ಕತ್ ದುಡ್ಡು ಕೂಡಿಕ್ಕಿದ್ದೀಯಾ? ಯಾತಕ್ಕೆ?" ಎಂದು ಅವನು ಕೇಳಿದ ದಿನ, ಸ್ಕೂಟರಿನ ಮಾತು ಬರುವುದಕ್ಕೆ ಮುಂಚೆಯೇ, "ಬಚ್ಚಲಮನೆ ಶೀಟು ತೂತು ಬಿದ್ದೈತಲ್ಲಪ್ಪ, ಅದುನ್ನ ಹಾಕ್ಸಾನ ಅಂತ" ಎಂದಳು. ದಬ್ಬೇಘಟ್ಟಕ್ಕೆ ಕೊಟ್ಟ ಮಗಳು ನಯನ ಫೋನಿನಲ್ಲಿ, "ದಾಸೋಹ ಮಾಡಿಸ್ತೀಯಂತೆ. ಮೊಮ್ಮಗಳು ಒಬ್ಳವ್ಳೆ ಅಂತ ನೆನಪೈತಾ?" ಎಂದು ಕೇಳಿದಾಗ, "ಅವಳ ಓಲೆಗೇ ಕಣೇ ಕೂಡಿಕ್ತಿರಾದು, ನಿಮ್ಮಪ್ಪಂಗೆ ಹೇಳ್ಬ್ಯಾಡ" ಎಂದು ಪಿಸುಗುಟ್ಟಿದಳು.

ಸುಳ್ಳು ಹೇಳಬೇಕು ಅಂತ ಅವಳೇನೂ ಕೂತು ಯೋಚಿಸಿರಲಿಲ್ಲ. ಕೇಳಿದವರಿಗೆ ಏನಾದರೂ ಒಂದು ಹೇಳಿ ಕಳಿಸಬೇಕು, ಒಲೆಯ ಮೇಲೆ ಕೆಲಸವಿದೆ. ನಿಜ ಹೇಳಬೇಕೆಂದರೆ ನಿಜ ಏನೆಂದು ಅವಳಿಗೂ ಗೊತ್ತಿರಲಿಲ್ಲ.

ಯಾತಕ್ಕೆ ಅಂತ ಕೇಳದೆ ಇದ್ದವಳು ಇಂಪನಾ ಒಬ್ಬಳೇ. ಅವಳಿಗೆ ಕೇಳುವಷ್ಟು ಪುರಸೊತ್ತೂ ಇರಲಿಲ್ಲ. ಮೊದಲೆಲ್ಲ ಬೆಳಗಿನ ತಿಂಡಿ ಅವಳದು, ಮಧ್ಯಾಹ್ನದ ಅನ್ನ ಸಾರು ಅತ್ತೆಯದು, ರಾತ್ರಿಯದು ಇಬ್ಬರದೂ. ಈಗ ಐದಕ್ಕೆ ಎದ್ದು ತಿಂಡಿಯ ಜೊತೆಗೇ ಮಧ್ಯಾಹ್ನದ್ದನ್ನೂ ಮುಗಿಸಿ, ಏಳು ನಲವತ್ತರ ಬಸ್ಸಿಗೆ ಓಡುತ್ತಿದ್ದಳು. ಸಂಜೆ ಬಂದರೆ ಸಿಂಕಿನ ತುಂಬ ಬೆಣ್ಣೆ ಮೆತ್ತಿದ ಪಾತ್ರೆ. ಭಾನುವಾರ ಡಬ್ಬಿಗೆ ತುಂಬಿ ಲೇಬಲ್ ಅಂಟಿಸುವ ಕೆಲಸ. ಅವಳ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಬೋರನಕಣಿವೆಯ ಹತ್ತಿರ ಊರು. ನೋಡಿಕೊಂಡು ಬರುತ್ತೇನೆ ಅಂತ ಎರಡು ಭಾನುವಾರ ಹೊರಟು, ಎರಡು ಭಾನುವಾರವೂ ಉಳಿದಿದ್ದಳು.

"ಮುಂದಿನ್ ವಾರ ಹೋಗಿವಂತೆ ಕಣಮ್ಮ. ಈ ವಾರ ಒಂದು ದಾಟಿಸ್ಬುಡಾನ" ಎನ್ನುತ್ತಿದ್ದಳು ಗಿರಿಜಮ್ಮ.

"ಆಯ್ತು ಅತ್ತೆ" ಎನ್ನುತ್ತಿದ್ದಳು ಇಂಪನಾ.

ಆ ನಡುವೆ ದಯಾನಂದ್ ಒಂದು ಉಪಕಾರ ಮಾಡಿದ. "ಅಂಗಡೀಲಿ ಯಾಕಮ್ಮ ಕೊಬ್ಬರಿ ಕೊಂಡ್ಕೋತೀಯ? ಮಂಡೀಲಿ ನನ್ನ ಕಣ್ಣೆದುರಿಗೇ ರಾಶಿ ಬಿದ್ದಿರುತ್ತೆ" ಎಂದು ಅರ್ಧ ಮೂಟೆ ತಂದು ಹಾಕಿದ. ಒಡೆದ ಹೋಳುಗಳು, ಹಳೆಯವು. ಗಿರಿಜಮ್ಮ ಒಂದು ಹೋಳನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಸ್ವಲ್ಪ ವಾಸ್ನೆ ಬತ್ತೈತೇನೋ?" ಅಂದರೆ, "ಬೇಯ್ಸಿದ್ರೆ ಹೋಯ್ತದೆ ಬುಡು" ಎಂದ. ಮಗ ಪ್ರೀತಿಯಿಂದ ತಂದದ್ದು. ತುರಿದಳು, ಬೇಯಿಸಿದಳು.

ನಾಲ್ಕನೆಯ ದಿನ ಕಾಂಡಿಮೆಂಟ್ಸ್‌ನವನು ಆಟೋದಲ್ಲಿ ಹದಿನೆಂಟು ಡಬ್ಬಿ ವಾಪಸ್ ತಂದ. ಅದೂ ಜಗಲಿಯ ತುಂಬ ಜನ ಇದ್ದಾಗ.

"ಅಮ್ಮಾ, ಬೇಜಾರ್ ಮಾಡ್ಕಬ್ಯಾಡಿ. ಕಮಟು ಹೊಡೀತಾ ಐತೆ. ಇಬ್ರು ಗಿರಾಕಿ ನನ್ ಮುಖದ ಮೇಲೇ ಎಸೆದು ಹೋದ್ರು."

ಗಿರಿಜಮ್ಮ ಡಬ್ಬಿಗಳನ್ನು ಒಂದೊಂದಾಗಿ ಒಳಗೆ ತಂದಳು. ಯಾರಿಗೂ ಎತ್ತಲು ಬಿಡಲಿಲ್ಲ. ಹಿತ್ತಿಲಲ್ಲಿ ತೆಂಗಿನ ಮರದ ಬುಡಕ್ಕೆ ಎಲ್ಲವನ್ನೂ ಸುರಿದು ಮಣ್ಣು ಎಳೆದಳು. ದಯಾನಂದ್ ಸಂಜೆ ಬಂದು ವಿಷಯ ಕೇಳಿ, "ಒಂದು ಬಿಸ್ಕತ್ತಿಗೆ ಇಷ್ಟೊಂದು ರಗಳೆಯಾ?" ಎಂದು ಕೈಕಾಲು ತೊಳೆಯಲು ಹೋದ.

ಹೋದ ಹೆಸರು ವಾಪಸ್ ಬರಬೇಕು ಎಂದು ಗಿರಿಜಮ್ಮ ಮರುದಿನದಿಂದ ಮೊದಲಿಗಿಂತ ಜೋರಾಗಿ ಹಿಡಿದಳು. ಹೊಸ ಕೊಬ್ಬರಿ, ಹೊಸ ಡಬ್ಬಿ. ಕಾಂಡಿಮೆಂಟ್ಸ್‌ನವನಿಗೆ ಒಂದು ವಾರದ್ದು ಬಿಟ್ಟಿಯಾಗಿ ಕೊಡುತ್ತೇನೆಂದು ಒಪ್ಪಿಸಿದಳು. ಮೂರನೆಯ ಭಾನುವಾರವೂ ಇಂಪನಾ ಊರಿಗೆ ಹೋಗಲಿಲ್ಲ.

ಆ ಭಾನುವಾರವೇ ನಯನ ಮಗಳ ಶಾಲೆಗೆ ರಜೆಯೆಂದು ಮಗಳನ್ನು ಕರೆದುಕೊಂಡು ದಬ್ಬೇಘಟ್ಟದಿಂದ ಬಂದಿಳಿದಳು. ರಾತ್ರಿ ಊಟಕ್ಕೆ ಗಂಡಸರು, ನಯನ, ಮಗು ಕೂತಿದ್ದರು. ಗಿರಿಜಮ್ಮ ಬಡಿಸುತ್ತಿದ್ದಳು. ಇಂಪನಾ ಒಲೆಯ ಹತ್ತಿರ ಇದ್ದಳು.

ಮರುಳಸಿದ್ದಯ್ಯನವರು ಸಂತೋಷದಲ್ಲಿದ್ದರು. "ಕಾರ್ತೀಕದಲ್ಲಿ ಒಂದು ಸೋಮವಾರ ಕೊಡಿ ಅಂತ ಮಠಕ್ಕೆ ಹೇಳಿ ಕಳ್ಸಿದ್ದೀನಿ. ನಿಮ್ಮಮ್ಮನ ಹೆಸರಿನ ದಾಸೋಹ."

"ದಾಸೋಹ ಇನ್ನೂ ಐತಾ?" ದಯಾನಂದ್ ಕೈ ನಿಲ್ಲಿಸಿದ. "ಅಮ್ಮ ಬಚ್ಚಲಮನೆ ಶೀಟ್ ಹಾಕುಸ್ತೀನಿ ಅಂದವ್ಳೆ. ನಾನಾಗ್ಲೇ ಮೇಸ್ತ್ರಿಗೆ ಹೇಳಿದ್ದೀನಿ."

ನಯನ ಗಂಡಸರಿಬ್ಬರ ಮುಖ ನೋಡಿ ಆಮೇಲೆ ತಾಯಿಯ ಮುಖ ನೋಡಿದಳು. "ಏನಮ್ಮ? ಮಗೀಗೆ ಓಲೆ ಅಂದಿದ್ದೆ? ಅವಳು ಕ್ಲಾಸಿಗೆಲ್ಲ ಹೇಳ್ಕೊಂಡ್ ಬಂದವ್ಳೆ!"

ಸಾರಿನ ಸೌಟು ಗಿರಿಜಮ್ಮನ ಕೈಯಲ್ಲೇ ಉಳಿಯಿತು.

"ಮೂರು ಜನಕ್ಕೆ ಮೂರು ಹೇಳಿದ್ದೀಯಲ್ಲೇ!" ಮರುಳಸಿದ್ದಯ್ಯನವರು ತಟ್ಟೆ ಆಚೆ ನೂಕಿದರು. "ಮಠಕ್ಕೆ ಮಾತು ಕೊಟ್ಟಿದ್ದೀನಿ, ನನ್ ಮರ್ಯಾದೆ ಏನಾಗ್ಬೇಕು? ನಿಜವಾಗಿ ಯಾತಕ್ಕೆ ಆ ದುಡ್ಡು? ಈಗ ಹೇಳು."

"ಯಾತಕ್ಕೂ ಅಲ್ಲ."

"ಯಾತಕ್ಕೂ ಅಲ್ದೆ ಇರೋ ದುಡ್ಡು ಅಂತ ಎಲ್ಲಾದ್ರೂ ಐತಾ?"

"ನೀವು ದಿನಾ ಸಂಜೆ ಹೋಟ್ಲಲ್ಲಿ ಸ್ನೇಹಿತರಿಗೆಲ್ಲ ಟೀ ಕುಡಿಸ್ತೀರಲ್ಲ, ಅದು ಯಾತಕ್ಕೆ? ನಾನು ಯಾವತ್ತಾನ ಕೇಳಿದ್ನಾ? ನನ್ ಕೈಲಿ ಇರ್ಲಿ ಅಂತ ಅಷ್ಟೆ. ಇರ್ಬಾರ್ದಾ?"

"ಕೈಲಿಟ್ಕೊಂಡು ಏನ್ ಮಾಡ್ತೀಯಮ್ಮ, ಸುಮ್ನೆ?" ದಯಾನಂದ್ ಸಮಾಧಾನದ ದನಿ ತೆಗೆದ. "ಒಂದು ಕೆಲ್ಸ ಮಾಡಾನ. ಓಲೆ ಆಮೇಲಾಗ್ಲಿ—"

"ಯಾಕಣ್ಣ ಆಮೇಲೆ? ನಿನ್ ಬಚ್ಚಲಮನೆ ಆಮೇಲಾಗ್ಲಿ!"

ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆಯೊಂದು ದಡ್ ಎಂದು ಕೆಳಗಿಟ್ಟ ಸದ್ದಾಯಿತು. ಇಂಪನಾ ಬಾಗಿಲಿಗೆ ಬಂದು ನಿಂತಳು. ಅವಳ ಮದುವೆಯಾಗಿ ಮೂರು ವರ್ಷ, ಮಾವನ ಎದುರಿಗೆ ಅವಳ ದನಿ ಎದ್ದದ್ದನ್ನು ಯಾರೂ ಕೇಳಿರಲಿಲ್ಲ.

"ನಾನೊಂದು ಮಾತು ಕೇಳ್ಲಾ? ಈ ದುಡ್ಡಲ್ಲಿ ನಂದೂ ಅಂತ ನಾನು ಯಾವತ್ತಾದ್ರೂ ಕೈ ಚಾಚಿದ್ನಾ? ಬೇಡ ನಂಗೆ. ಐದಕ್ಕೆ ಎದ್ದು ಎರಡು ಹೊತ್ತಿನ ಅಡುಗೆ ಮಾಡಿ ಬಸ್ಸಲ್ಲಿ ನಿಂತ್ಕೊಂಡೇ ನಿದ್ದೆ ಮಾಡ್ತೀನಿ. ನಮ್ಮಮ್ಮಂಗೆ ಆಪರೇಷನ್ ಆಗಿ ಇಪ್ಪತ್ತು ದಿನ ಆಯ್ತು. ಕಣ್ಣಿನ ಪಟ್ಟಿ ಬಿಚ್ಚಿದಾಗ 'ಇಂಪಿ ಎಲ್ಲಿ' ಅಂದಳಂತೆ. ಇಂಪಿ ಇಲ್ಲಿ ಲೇಬಲ್ ಅಂಟಿಸ್ತಾ ಕೂತಿದ್ಲು!"

ಮಗು ತಟ್ಟೆ ಮುಂದಕ್ಕೆ ತಳ್ಳಿ, "ಅಜ್ಜಿ, ಸಾರು" ಅಂದಿತು.

ಬೆಳಗ್ಗೆ ಇಂಪನಾ ಒಂದು ಬ್ಯಾಗು ಹಿಡಿದು ಹೊರಟಳು. ಶಾಲೆಗೆ ಒಂದು ವಾರ ರಜೆ ಹಾಕಿದ್ದಳು. ದಯಾನಂದ್ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತೇನೆಂದ. ನಡೆದುಕೊಂಡೇ ಹೋದಳು.

ಅವಳು ಹೋದ ಮೇಲೆ ಆ ಮನೆಯಲ್ಲಿ ಅವಳು ಏನೇನು ಮಾಡುತ್ತಿದ್ದಳು ಎಂಬುದು ಒಂದೊಂದಾಗಿ ಹೊರಬಿತ್ತು. ಮಾವನ ಮಂಡಿಗೆ ಹಚ್ಚುವ ಎಣ್ಣೆ ಬಿಸಿ ಮಾಡುವವಳು ಅವಳು. ನಲ್ಲಿ ನೀರು ಬಂದಾಗ ಡ್ರಮ್ಮು ತುಂಬಿಸುವವಳು ಅವಳು. ಗ್ಯಾಸ್ ಬುಕ್ ಮಾಡುವವಳೂ ಅವಳೇ. ಎರಡನೆಯ ದಿನ ಗ್ಯಾಸ್ ಮುಗಿದು ಒಲೆ ಆರಿತು, ಪಕ್ಕದ ಮನೆಯಿಂದ ಸಿಲಿಂಡರ್ ತರಬೇಕಾಯಿತು. ನಯನ ಎರಡು ಹೊತ್ತು ಕೈಜೋಡಿಸಿ, "ನಾನು ತವರಿಗೆ ಬಂದಿದ್ದೋ, ಕೂಲಿಗೆ ಬಂದಿದ್ದೋ?" ಎಂದು ಬುಧವಾರದ ಬಸ್ಸಿಗೆ ಹೊರಟುಬಿಟ್ಟಳು. ಗಿರಿಜಮ್ಮ ಒಂದು ಕಡೆ ಅನ್ನದ ಕುಕ್ಕರ್, ಇನ್ನೊಂದು ಕಡೆ ಓವನ್ ಇಟ್ಟುಕೊಂಡು ಅಡುಗೆಮನೆಯಲ್ಲಿ ಗಿರಗಟ್ಟೆಯಂತೆ ಸುತ್ತಿದಳು. ಗಂಟೆ ಎರಡಾದರೂ ಊಟವಿಲ್ಲದೆ ಮರುಳಸಿದ್ದಯ್ಯನವರು ಕೋಲು ಕುಟ್ಟಿದರು. ಆ ದಿನ ನಾನ್‌ಖಟಾಯಿ ಸೀದುಹೋಯಿತು.

ಗುರುವಾರ ಅವಳು ಓವನ್ ಹಚ್ಚಲೇ ಇಲ್ಲ. ಸೀರೆ ಬದಲಾಯಿಸಿ, ಒಂದು ಡಬ್ಬಿ ರಾಗಿ ಬಿಸ್ಕತ್ತು ಚೀಲದಲ್ಲಿಟ್ಟುಕೊಂಡು, "ಅನ್ನ ಸಾರು ಮಾಡಿ ಮಡಗಿದ್ದೀನಿ, ಇಕ್ಕಂಡು ಉಣ್ಣಿ" ಎಂದು ಗಂಡನಿಗೆ ಹೇಳಿ ಹೊರಟಳು.

"ಎಲ್ಲಿಗೆ? ಯಾತಕ್ಕೆ?" ಎಂಬುದು ಬೆನ್ನ ಹಿಂದೆ ಕೇಳಿಸಿತು.

ಚಿಕ್ಕನಾಯಕನಹಳ್ಳಿಯಲ್ಲಿ ಇಳಿದು, ಹುಳಿಯಾರಿನ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹೋಗುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಬೀಗಿತ್ತಿ ವಿಮಲಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಮಾತಾಡಿಸಿದಳು, ಮಜ್ಜಿಗೆ ಕೊಡಿಸಿದಳು, ಮಗಳ ವಿಷಯ ಎತ್ತಲಿಲ್ಲ. ಇಂಪನಾ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗಿರಿಜಮ್ಮ ಹೋಗಿ ಪಕ್ಕದ ಕಲ್ಲಿನ ಮೇಲೆ ಕೂತಳು.

"ಓವನ್ ಕಮರ್‌ಗೆ ವಾಪಸ್ ಕೊಟ್ಬುಡ್ತೀನಿ ಕಣಮ್ಮ" ಅಂದಳು.

ಇಂಪನಾ ಸೀರೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಬೇಡಿ ಅತ್ತೆ. ನೀವು ನಿಲ್ಲಿಸಿದ್ರೆ ಸೊಸೆ ನಿಲ್ಲಿಸಿದ್ಲು ಅಂತಾರೆ. ಅದನ್ನೂ ನಾನೇ ಹೊರ್ಬೇಕಾ?"

"ಮತ್ತೆ ಏನ್ ಮಾಡ್ಲಿ? ನೀನೇ ಹೇಳು."

"ನಂಗೊತ್ತಿಲ್ಲ. ನೀವು ಬಿಸ್ಕತ್ ಮಾಡೋದು ನಂಗೆ ಖುಷೀನೇ. ಸ್ಕೂಲಲ್ಲಿ 'ನಮ್ಮತ್ತೆ ಮಾಡಿದ್ದು' ಅಂತ ಹೇಳ್ಕೋತೀನಿ. ಆದ್ರೆ ನಿಮ್ಗೆ ಆ ಐದು ಗಂಟೆ ಎಲ್ಲಿಂದ ಸಿಕ್ತು ಅಂತ ನೀವು ಒಂದಿನಾನೂ ನೋಡ್ಲಿಲ್ಲ."

ಗಿರಿಜಮ್ಮ ನೆಲ ನೋಡಿದಳು. ತನ್ನ ಅತ್ತೆ ಬದುಕಿದ್ದಾಗ ಅವರಿಗೆ ತಾನು ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತುಗಳೇ ಇವು, ಹೆಚ್ಚುಕಡಿಮೆ. ಅವಳು ಹೇಳಿರಲಿಲ್ಲ.

"ತಪ್ಪಾಯ್ತು" ಅಂದಳು. ಆ ಮಾತನ್ನು ಚಿಕ್ಕವರಿಗೆ ಹೇಳಿ ರೂಢಿಯಿಲ್ಲದ್ದರಿಂದ ಅದು ಕೆಮ್ಮಿನ ಹಾಗೆ ಬಂತು.

ಇಂಪನಾ ಬಕೆಟ್ಟು ಬದಿಗಿಟ್ಟಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ದುಡ್ಡೈತಲ್ಲ ನಿಮ್ಮತ್ರ? ಅಡುಗೆಯೋರ್ನ ಇಟ್ಕೊಳಿ! ನಮ್ ಸ್ಕೂಲ್ ಹಾಸ್ಟೆಲಲ್ಲಿ ಮಾಡ್ತಿದ್ದ ಚಿಕ್ಕಗೌರಮ್ಮ ಕೆಲಸ ಇಲ್ದೆ ತಿಪಟೂರಲ್ಲಿ ಮಗಳ ಮನೇಲಿ ಕೂತವ್ರೆ."

ಅವಳು ಚುಚ್ಚಬೇಕೆಂದೇ ಆಡಿದ ಮಾತು. ಗಿರಿಜಮ್ಮ ತಲೆ ಎತ್ತಿದಳು.

"ಮಗಳ ಮನೆ ಯಾವ್ ಬೀದಿ?"

ಇಂಪನಾ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ನಗು ಬಂದುಬಿಟ್ಟಿತು.

ಶನಿವಾರ ಸಂಜೆ ಚಿಕ್ಕಗೌರಮ್ಮ ಬಂದಳು. ಐವತ್ತರ ಗಟ್ಟಿ ಹೆಂಗಸು. ಬಂದವಳೇ ಅಡುಗೆಮನೆಯನ್ನು ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮರುಳಸಿದ್ದಯ್ಯನವರು ಹೆಂಡತಿಯನ್ನು ರೂಮಿಗೆ ಕರೆದರು.

"ಮನೇಲಿ ಇಬ್ರು ಹೆಂಗಸರಿದ್ದೂ ಅಡುಗೆಗೆ ಆಳು ಇಕ್ಕವ್ರೆ ಅಂತ ಊರೆಲ್ಲ ನಗಲ್ವಾ? ಯಾರ ಪೈಕಿ ಆವಮ್ಮ?"

"ಗೌಡರ ಪೈಕಿ."

"ಅಂದ್ರೆ? ನಾನು ಆ ಕೈಲಿ ಉಣ್ಣಲ್ಲ ಕಣೇ. ಹೇಳ್ಬಿಟ್ಟಿದ್ದೀನಿ."

"ಮೂವತ್ತು ವರ್ಷ ಮಂಡಿ ವ್ಯವಹಾರಕ್ಕೆ ಅಂತ ಊರೂರು ತಿರುಗಿ ಹೋಟ್ಲಲ್ಲಿ ಉಂಡ್ರಲ್ಲ, ಒಳಗೆ ಬೇಯ್ಸೋ ಕೈ ಯಾರ್ದು ಅಂತ ಇಣುಕಿ ನೋಡಿದ್ರಾ? ಸೊಪ್ಪು ಕಾಳು ಬಿಟ್ಟು ಏನೂ ಮಾಡಲ್ಲ ಇಲ್ಲಿ. ಉಂಡ್ರೆ ಉಣ್ಣಿ."

"ದುಡ್ಡಿನ ಪೊಗರು ಬಂದೈತೆ ನಿಂಗೆ."

"ಬಂದೈತೇನೋ" ಎಂದಳು ಗಿರಿಜಮ್ಮ. "ಮಠಕ್ಕೆ ಈ ವರ್ಷ ಆಗಲ್ಲ ಅಂತ ನಾನೇ ಹೋಗಿ ಹೇಳ್ತೀನಿ. ಮಾತು ಕೊಟ್ಟಿದ್ದು ನನ್ ಸುಳ್ಳಿಂದ. ನಿಮ್ ತಪ್ಪಿಲ್ಲ."

ದಾಸೋಹವಿಲ್ಲ, ಶೀಟೂ ಇಲ್ಲ, ಓಲೆಯೂ ಇಲ್ಲ. ನಯನ ಫೋನಿನಲ್ಲಿ ಅತ್ತು, ಎರಡು ದಿನ ಮಾತು ಬಿಟ್ಟಳು. ದಯಾನಂದ್ ಬಚ್ಚಲಮನೆಗೆ ಒಂದು ಪ್ಲಾಸ್ಟಿಕ್ ಹೊದಿಸಿ, ಮೊದಲ ದಿನವೇ ಚಿಕ್ಕಗೌರಮ್ಮನ ಕೈ ಊಟ ಮಾಡಿ, "ಚೆನ್ನಾಗೈತೆ" ಅಂದುಬಿಟ್ಟ. ಅಪ್ಪನ ಕಣ್ಣು ಅವನನ್ನು ಸುಟ್ಟಿತು. ಮರುಳಸಿದ್ದಯ್ಯನವರು ಮೂರು ದಿನ ಬಾಳೆಹಣ್ಣು, ಹಾಲು, ಮಂಡಕ್ಕಿಯಲ್ಲಿ ಕಳೆದರು. ಗಿರಿಜಮ್ಮ ಬನ್ನಿ ಅಂತ ಕರೆಯಲೂ ಇಲ್ಲ, ಬೇರೆ ಮಾಡಿಕೊಡಲೂ ಇಲ್ಲ. ಬಿಸ್ಕತ್ತಿನ ತಟ್ಟೆ ಒಳಗಿಟ್ಟು, ಜಗಲಿಗೆ ಬಂದು, ಅವರ ಮುಖ ನೋಡಿ, ಮತ್ತೆ ಒಳಗೆ ಹೋಗುತ್ತಿದ್ದಳು.

ಸೋಮವಾರ ಇಂಪನಾ ವಾಪಸ್ ಬಂದಳು. ಮರುದಿನ ಆರೂವರೆಗೆ ಎದ್ದಳು. ಎದ್ದಾಗ ಮನೆಯಲ್ಲಿ ಒಗ್ಗರಣೆಯ ವಾಸನೆಯಿತ್ತು, ಚಿಕ್ಕಗೌರಮ್ಮ ಉಪ್ಪಿಟ್ಟು ತಿರುವುತ್ತಿದ್ದಳು. ಇಂಪನಾ ಕಾಫಿ ಲೋಟ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಳು.

ಆ ಸಂಜೆ ಹುರುಳಿಕಾಳಿನ ಬಸ್ಸಾರು. ಘಮ ಜಗಲಿಯ ತನಕ ಹೋಯಿತು. ಚಿಕ್ಕಗೌರಮ್ಮ ನಾಲ್ಕು ಮುದ್ದೆ ಕಟ್ಟಿ ತಟ್ಟೆಗಳಲ್ಲಿಟ್ಟು ನಡುಮನೆಗೆ ಬಂದಳು.

"ಬನ್ರಪ್ಪ, ಎಲ್ರೂ ಒಂದ್ಸಲಕ್ಕೇ ಕೂತ್ಕಳಿ. ಒಬ್ಬೊಬ್ರಿಗೂ ಕಾಯ್ಕಂಡು ನಿಂತ್ಕಳಾಕೆ ನಂಗಾಗಕಿಲ್ಲ. ನಾನೂ ಉಂಡು ಮನೆಗೆ ಹೋಗ್ಬೇಕು, ಮೊಮ್ಮಗ ಅಳ್ತಿರ್ತಾನೆ."

ದಯಾನಂದ್ ಕೂತ, ಇಂಪನಾ ಕೂತಳು. ಗಿರಿಜಮ್ಮ ಸೌಟು ಹುಡುಕಿಕೊಂಡು ಅಡುಗೆಮನೆಯ ಕಡೆ ತಿರುಗಿದಳು.

"ನೀವೆಲ್ಲಿಗೆ ಅಮ್ಮ? ಕೂತ್ಕಳಿ ಅಂದ್ನಲ್ಲ."

"ನಾನು ಆಮೇಲೆ—"

"ಆಮೇಲೆ ಇಕ್ಕಾರು ಯಾರು? ನಾನಿರಾಕಿಲ್ಲ."

ಗಿರಿಜಮ್ಮ ನಿಂತೇ ಇದ್ದಳು. ಮೂವರೂ ನೋಡುತ್ತಿದ್ದರು. ತನ್ನ ಮನೆಯ ನಡುಮನೆಯಲ್ಲಿ ತಾನು ಎಲ್ಲಿ ಕೂರಬೇಕೆಂದು ಅವಳಿಗೆ ತಿಳಿಯಲಿಲ್ಲ. ಇಂಪನಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಕೂತಳು. ಕೂತ ಮೇಲೂ ಉಪ್ಪು ತರಲೆಂದು ಒಂದು ಸಲ, ನೀರು ತರಲೆಂದು ಒಂದು ಸಲ ಏಳಲು ಹೋದಳು. ಎರಡು ಸಲವೂ ಚಿಕ್ಕಗೌರಮ್ಮ ಅದನ್ನು ತಂದು ಮುಂದಿಟ್ಟಳು.

ಅಷ್ಟರಲ್ಲಿ ಕೋಲಿನ ಸದ್ದಾಯಿತು. ಮರುಳಸಿದ್ದಯ್ಯನವರು ಬಾಗಿಲು ದಾಟಿ ಬಂದು, ಯಾರ ಮುಖವನ್ನೂ ನೋಡದೆ, ಕುರ್ಚಿ ಎಳೆದುಕೊಂಡು ಕೂತರು. ಚಿಕ್ಕಗೌರಮ್ಮ ಏನೂ ಆಗಿಲ್ಲವೆಂಬಂತೆ ನಾಲ್ಕನೆಯ ತಟ್ಟೆಯನ್ನು ಅವರ ಮುಂದಿಟ್ಟು, ತನಗೆ ಇನ್ನೊಂದು ಮುದ್ದೆ ಕಟ್ಟಿಕೊಳ್ಳಲು ಒಳಗೆ ಹೋದಳು. ಅವರು ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿದರು. ಎಲ್ಲರೂ ಕಾದರು.

"ಉಪ್ಪು ಒಂದು ಕಲ್ಲು ಕಮ್ಮಿ" ಅಂದರು, ಎರಡನೆಯ ತುತ್ತು ಮುರಿಯುತ್ತಾ.

ಗಿರಿಜಮ್ಮ ತನ್ನ ತಟ್ಟೆಯ ಕಡೆ ತಿರುಗಿದಳು. ಮುದ್ದೆಗೆ ಬೆರಳಿಟ್ಟವಳು ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು.

"ಏನಾಯ್ತು ಅತ್ತೆ?"

"ಸುಡ್ತದೆ ಕಣೇ."

"ಮುದ್ದೆ ಸುಡದೆ ಇನ್ನೇನ್ ಮಾಡುತ್ತೆ?" ಎಂದರು ಮರುಳಸಿದ್ದಯ್ಯನವರು.

ಈ ಮನೆಗೆ ಬಂದಾಗಿನಿಂದ ಗಿರಿಜಮ್ಮ ತೊಳಸಿ ಕಟ್ಟಿ ಇಟ್ಟ ಮುದ್ದೆಗಳಿಗೆ ಲೆಕ್ಕವಿರಲಿಲ್ಲ. ಹಬೆಯಾಡುವ ಮುದ್ದೆಯೊಂದು ತನ್ನ ತಟ್ಟೆಯಲ್ಲಿ ಕೂತದ್ದು ಇದೇ ಮೊದಲು. ಬೆರಳ ತುದಿಯನ್ನು ಬಾಯಲ್ಲಿಟ್ಟುಕೊಂಡು ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ಉಫ್ ಉಫ್ ಎಂದು ಊದಿ, ಆರುವುದಕ್ಕೆ ಬಿಡದೆ, ಮುರಿದಳು.